ಅರ್ಧದಲ್ಲಿ ನಾಯಕ ಹೊರಟುಹೋದರೆ ಸಿನಿಮಾ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ನಾವು ಗಂಗಾವತಿಯ ಎಂಟು ಮಂದಿ ಗೆಳೆಯರು ಸೇರಿ ಆನೆಗೊಂದಿ, ಸಣಾಪುರದ ಕಡೆ 40 ನಿಮಿಷದ ಒಂದು ಸಿನಿಮಾ ಮಾಡಾಕತ್ತೀವಿ. ಒಟ್ಟು 12 ದಿನದ ಶೂಟಿಂಗ್. ಫೆಬ್ರವರಿ ಕೊನೀಗೆ 4 ದಿನದ್ದು ಆತು. ಅಷ್ಟರಾಗ ಹೀರೋ ಪಾರ್ಟಿನ ಹುಡುಗನಿಗೆ ತೋರಣಗಲ್ಲಿನಾಗ ಕೆಲಸ ಸಿಕ್ತು. ಶಿಫ್ಟ್ ಡ್ಯೂಟಿ, ಇನ್ನ ಬರಾಕ ಆಗಂಗಿಲ್ಲ ಅಂದ. ಗಡ್ಡನೂ ತೆಗೆಸ್ಯಾನ. ತೆಗೆದಿದ್ದನ್ನೆಲ್ಲ ಬಿಟ್ಟು ಹೊಸಬನ್ನ ಹಾಕ್ಕೊಂಡು ಮೊದಲಿಂದ ಮಾಡಬೇಕೋ, ಏನಾರ ಉಳಿಸ್ಕೋಬಹುದೋ? ಶೋಲೆಯ ಗಬ್ಬರ್ ಪಾರ್ಟು ಮೊದಲು ಬೇರೆಯವರದಿತ್ತು, ಬಾಹುಬಲಿಯ ಶಿವಗಾಮಿ ಪಾರ್ಟೂ ಹಂಗೇ ಅಂತ ಫೋನಿನಾಗ ದಿನಾ ಬರ್ತಾವ. ಅವೆಲ್ಲ ಖರೇನಾ? ದೊಡ್ಡವರು ಇಂಥಾ ಹೊತ್ತಿನಾಗ ಏನು ಮಾಡಿದ್ರು?

ಉತ್ತರ: ನಾಯಕನನ್ನು ಬದಲಿಸಿ, ಆದರೆ ತೆಗೆದದ್ದನ್ನೆಲ್ಲ ಬಿಸಾಡಬೇಡಿ. 12 ದಿನದಲ್ಲಿ 4 ದಿನ ಆಗಿದೆ ಎಂದರೆ ಮೂರನೇ ಒಂದು ಪಾಲು. ಈ ಹಂತದಲ್ಲಿ ಬದಲಾವಣೆ ಕಷ್ಟವಾದರೂ ಆಗುವ ಮಾತು. 8 ದಿನ ಮುಗಿದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು: ಅದೇ ಹುಡುಗನ ವಾರದ ರಜೆಗೆ ಕಾಯಿರಿ, ಉಳಿದ ದೃಶ್ಯಗಳಲ್ಲಿ ಅವನ ಪಾಲನ್ನು ಕಡಿಮೆ ಮಾಡಿ, ಕಥೆಯನ್ನೇ ಅವನ ಬಿಡುವಿಗೆ ಹೊಂದಿಸಿ ಎನ್ನುತ್ತಿದ್ದೆ. ಈಗ ನಿಮಗಿರುವ ಆತುರ ಇನ್ನೊಂದು. ಹೊಸ ಹುಡುಗ ಹೇಗೂ ಸಿಗುತ್ತಾನೆ. ಫೆಬ್ರವರಿಯ ಗದ್ದೆಯ ಹಸಿರು, ಫೆಬ್ರವರಿಯ ಬಿಸಿಲು ಮತ್ತೆ ಸಿಗಲು ಒಂದು ವರ್ಷ ಬೇಕು. ಅದರ ಲೆಕ್ಕ ಮುಂದೆ ಕೊಡುತ್ತೇನೆ.

ಮೊದಲು ಫೋನಿಗೆ ಬರುವ ಕಥೆಗಳ ವಿಷಯ, ಯಾಕೆಂದರೆ ನಿಮಗೆ ಬೇಕಾದ ಉಪಾಯಗಳೂ ಅವುಗಳಲ್ಲೇ ಇವೆ. ಪಾತ್ರವೊಂದು ನಟನ ಕೈ ಸೇರುವ ಮುನ್ನ ಹಲವು ಹಂತ ದಾಟುತ್ತದೆ. ನಿರ್ದೇಶಕರ ಮನಸ್ಸಿಗೆ ಒಂದು ಹೆಸರು ಬರುತ್ತದೆ. ಆ ನಟನಿಗೆ ಕಥೆ ಹೇಳುತ್ತಾರೆ. ಒಪ್ಪಿದರೆ ಸಂಭಾವನೆಯ ಮಾತು, ಕಾಲ್‌ಶೀಟಿನ ಮಾತು. ಅಡ್ವಾನ್ಸ್ ಕೊಟ್ಟು ಸಹಿ ಹಾಕಿಸುತ್ತಾರೆ. ಆಮೇಲೆ ಫೋಟೋ ಶೂಟ್, ಬಟ್ಟೆಯ ಅಳತೆ, ತಾಲೀಮು. ಕೊನೆಗೆ ಕ್ಯಾಮೆರಾ. ಇವುಗಳಲ್ಲಿ ಯಾವ ಹಂತದಲ್ಲಿ ಪಾತ್ರ ಕೈತಪ್ಪಿದರೂ ಸುದ್ದಿಯಲ್ಲಿ ಬರುವುದು ಒಂದೇ ವಾಕ್ಯ: ‘ಆ ಪಾತ್ರ ಇವರು ಮಾಡಬೇಕಿತ್ತು.’ ಬರೀ ಹೆಸರು ಓಡಿದ್ದಕ್ಕೂ ವಾರಗಟ್ಟಲೆ ನಟಿಸಿದವರನ್ನು ಮನೆಗೆ ಕಳಿಸಿದ್ದಕ್ಕೂ ಅಜಗಜಾಂತರವಿದೆ. ಆದ್ದರಿಂದ ಇಂಥ ಸುದ್ದಿ ಕಂಡಾಗ ಈ ಮಾತು ಆಡಿದವರು ಯಾರು ಎಂದು ನೋಡಿ. ನಟರೇ ಹೇಳಿದರೋ, ನಿರ್ದೇಶಕರೋ, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರೋ? ಆಮೇಲೆ ಆ ವರ್ಷ ಆ ನಟ ಬೇರೆ ಯಾವ ಚಿತ್ರದಲ್ಲಿದ್ದರು ಎಂದು ತಾಳೆ ಹಾಕಿ. ಫೋಟೋ, ಸ್ಕ್ರೀನ್ ಟೆಸ್ಟ್, ತೆಗೆದ ತುಣುಕು ಏನಾದರೂ ಉಳಿದಿದ್ದರೆ ಮಾತು ಅಲ್ಲಿಗೆ ಗಟ್ಟಿಯಾಯಿತು.

ಶಿವಗಾಮಿಯ ಕಥೆಯನ್ನು ಹೀಗೆ ಸೋಸಿದರೆ ಉಳಿಯುವುದು ಇಷ್ಟು: ಶ್ರೀದೇವಿ ಅವರೊಂದಿಗೆ ಮಾತುಕತೆ ನಡೆದಿತ್ತು, ಅದನ್ನು ಎರಡೂ ಕಡೆಯವರು ಒಪ್ಪಿದ್ದಾರೆ. ಯಾಕೆ ಮುರಿದುಬಿತ್ತು ಎಂಬುದರಲ್ಲಿ 2017ರಲ್ಲಿ ರಾಜಮೌಳಿ ಹೇಳಿದ್ದಕ್ಕೂ ಶ್ರೀದೇವಿ ಹೇಳಿದ್ದಕ್ಕೂ ಹೊಂದಾಣಿಕೆ ಇಲ್ಲ. ಆ ವಿಷಯವನ್ನು ಬಹಿರಂಗವಾಗಿ ಆಡಬಾರದಿತ್ತು ಎಂದು ರಾಜಮೌಳಿಯೇ ಆಮೇಲೆ ವಿಷಾದಪಟ್ಟರು. ಹಾಗಾಗಿ ‘ಪಾತ್ರ ಅವರಲ್ಲಿಗೆ ಹೋಗಿತ್ತು’ ಎಂಬಷ್ಟನ್ನು ಮಾತ್ರ ನಂಬಿ. ಕಾರಣದ ಬಗ್ಗೆ ಬರುವ ಸಂದೇಶಗಳನ್ನು ಮುಂದಕ್ಕೆ ಕಳಿಸಬೇಡಿ. ರಮ್ಯಾ ಕೃಷ್ಣ ಅವರ ಶಿವಗಾಮಿ ಕಣ್ಣಮುಂದೆ ಇರುವಾಗ ಆ ಜಗಳದಿಂದ ಯಾರಿಗೂ ಲಾಭವಿಲ್ಲ.

ಗಬ್ಬರ್‌ನ ಕಥೆ ಗಟ್ಟಿಯಾದದ್ದು. ಡ್ಯಾನಿ ಡೆಂಜೋಂಗ್ಪಾ ಆ ಪಾತ್ರಕ್ಕೆ ಗೊತ್ತಾಗಿದ್ದರು. ಆದರೆ ಫಿರೋಜ್ ಖಾನ್ ಅವರ ಧರ್ಮಾತ್ಮಾ ಚಿತ್ರಕ್ಕೆ ಮೊದಲೇ ತಾರೀಖು ಕೊಟ್ಟಾಗಿತ್ತು, ಅದರ ಚಿತ್ರೀಕರಣ ಅಫ್ಘಾನಿಸ್ತಾನದಲ್ಲಿ. ಶೋಲೆಗೆ ನಮ್ಮ ರಾಮನಗರದ ಬಂಡೆಗಳ ನಡುವೆ ಊರಿನ ಸೆಟ್ಟು ಎದ್ದಿತ್ತು. ಎರಡು ಕಡೆ ಏಕಕಾಲಕ್ಕೆ ಇರಲು ಆಗದೆ ಡ್ಯಾನಿ ಬಿಟ್ಟರು, ಸಲೀಂ ಖಾನ್ ಸೂಚಿಸಿದ ಅಮ್ಜದ್ ಖಾನ್ ಬಂದರು. ಮುಂದಿನದು ನಿಮಗೆ ಹೆಚ್ಚು ಉಪಯೋಗದ ಸಂಗತಿ. ಅಮ್ಜದ್ ಬಂದ ಮೇಲೂ ಈ ಧ್ವನಿ ಗಬ್ಬರ್‌ಗೆ ಸಾಲದು ಎಂಬ ಅನುಮಾನ ಚಿತ್ರ ಬರೆದವರಲ್ಲಿ ಒಬ್ಬರಾದ ಜಾವೇದ್ ಅಖ್ತರ್ ಅವರಿಗೇ ಬಂದು, ಪಾತ್ರ ಇನ್ನೊಮ್ಮೆ ಕೈ ಬದಲಾಗುವುದರಲ್ಲಿತ್ತು. 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾದ ಮೇಲೆ ಜನರ ಬಾಯಲ್ಲಿ ಉಳಿದದ್ದು ಅದೇ ಧ್ವನಿ. ಹೊಸ ಹುಡುಗ ಹಳೆಯವನಂತೆ ಮಾತಾಡುತ್ತಿಲ್ಲ ಎಂದು ಮೊದಲ ದಿನವೇ ಕೈಚೆಲ್ಲಬೇಡಿ. ನಿಮ್ಮ ಕಿವಿಗೆ ಹಳೆಯ ಧ್ವನಿ ರೂಢಿಯಾಗಿದೆ, ನೋಡುವವರಿಗೆ ಅದರ ನೆನಪೇ ಇರುವುದಿಲ್ಲ.

ಗಟ್ಟಿ ಪುರಾವೆ ಇರುವ ಪ್ರಕರಣಗಳನ್ನು ಒಂದು ಕಡೆ ಇಟ್ಟು ನೋಡಿದರೆ ಹೆಚ್ಚಿನವು ತಾರೀಖಿನ ಕಥೆಗಳೇ. ನಟನೆ ಸರಿಯಿಲ್ಲವೆಂದು ಕೈಬಿಟ್ಟವು ಕಡಿಮೆ. 1981ರ ಇಂಡಿಯಾನಾ ಜೋನ್ಸ್ ಪಾತ್ರಕ್ಕೆ ಟಾಮ್ ಸೆಲೆಕ್ ಆಯ್ಕೆಯಾಗಿದ್ದರು, ಅವರ ಸ್ಕ್ರೀನ್ ಟೆಸ್ಟ್ ಇವತ್ತಿಗೂ ನೋಡಲು ಸಿಗುತ್ತದೆ. ಆದರೆ ಮ್ಯಾಗ್ನಮ್ ಧಾರಾವಾಹಿಗೆ ಸಹಿ ಹಾಕಿಸಿಕೊಂಡಿದ್ದ ಸಿಬಿಎಸ್ ವಾಹಿನಿ ಬಿಡಲಿಲ್ಲ. ಕೊನೆಗೆ ನೋಡಿದರೆ 1980ರ ನಟರ ಮುಷ್ಕರದಿಂದ ಆ ಧಾರಾವಾಹಿಯ ಚಿತ್ರೀಕರಣವೇ ತಡವಾಯಿತು. ಅಷ್ಟು ಹೊತ್ತಿಗೆ ಪಾತ್ರ ಹ್ಯಾರಿಸನ್ ಫೋರ್ಡ್ ಪಾಲಾಗಿತ್ತು. ಎಕ್ಸ್-ಮೆನ್‌ನ ವುಲ್ವರೀನ್ ಡೌಗ್ರೇ ಸ್ಕಾಟ್ ಆಗಬೇಕಿತ್ತು. ಮಿಷನ್: ಇಂಪಾಸಿಬಲ್ 2ರ ಕೆಲಸ ಮುಗಿಯದೆ ಎಳೆಯಿತು, ಎಕ್ಸ್-ಮೆನ್ ಶುರುವಾದ ಮೇಲೆ ಹ್ಯೂ ಜ್ಯಾಕ್‌ಮನ್ ಬಂದು ಸೇರಿಕೊಂಡರು. ಕಾಮಿಕ್ಸ್ ಪುಸ್ತಕದಲ್ಲಿ ವುಲ್ವರೀನ್ 5 ಅಡಿ 3 ಇಂಚಿನ ಕುಳ್ಳ, ಜ್ಯಾಕ್‌ಮನ್ 6 ಅಡಿ ದಾಟಿದವರು. ಆ ವ್ಯತ್ಯಾಸ ಪಾತ್ರಕ್ಕೆ ಅಡ್ಡಿಯಾಗಲಿಲ್ಲ.

ಕಾಗದ ಪತ್ರವೂ ಪಾತ್ರವನ್ನು ಕಸಿಯುತ್ತದೆ. ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿ ಹಾಲಿವುಡ್‌ಗೆ ಹೋದ ಸಾಬು ಅವರನ್ನು ಮೆಹಬೂಬ್ ಖಾನ್ ಮದರ್ ಇಂಡಿಯಾದ ಬಿರ್ಜು ಪಾತ್ರಕ್ಕೆಂದು ಮುಂಬೈಗೆ ಕರೆಸಿಕೊಂಡಿದ್ದರು. ಚಿತ್ರ ಶುರುವಾಗುವುದು ತಡವಾಗುತ್ತ ಹೋಯಿತು, ಇಲ್ಲಿ ಕೆಲಸ ಮಾಡುವ ಪರವಾನಗಿಯೂ ತೊಡಕಾಯಿತು, ಸಾಬು ಹೊರಗುಳಿದರು. ದಿಲೀಪ್ ಕುಮಾರ್ ಹೆಸರೂ ಬಂದಿತ್ತು. ನರ್ಗೀಸ್ ಜೊತೆ ಪ್ರೇಮಿಯಾಗಿ ನಟಿಸಿದವರು ಮಗನಾಗಿ ನಿಂತರೆ ಜನ ಒಪ್ಪುವುದಿಲ್ಲ ಎಂದು ಅದೂ ಬಿದ್ದುಹೋಯಿತು. ಕೊನೆಗೆ ಸುನಿಲ್ ದತ್.

ಒಂದು ಪಾತ್ರ ಕದಲಿದರೆ ಅದರ ಪಕ್ಕದ್ದೂ ಕದಲುತ್ತದೆ, ಇದನ್ನು ನೀವು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುನ್ನಾಭಾಯಿ ಎಂ.ಬಿ.ಬಿ.ಎಸ್. ಚಿತ್ರಕ್ಕೆ ಶಾರುಖ್ ಖಾನ್ ಮುನ್ನಾ ಆಗಬೇಕಿತ್ತು, ಸಂಜಯ್ ದತ್ ಆಸ್ಪತ್ರೆಯ ರೋಗಿ ಜಹೀರ್. ಶಾರುಖ್‌ಗೆ ಗಾಯದ ತೊಂದರೆಯಾಗಿ ಬಿಟ್ಟಾಗ ದತ್ ಮುನ್ನಾ ಆದರು, ತೆರವಾದ ಜಹೀರ್ ಪಾತ್ರ ಜಿಮ್ಮಿ ಶೇರ್ಗಿಲ್‌ಗೆ ಹೋಯಿತು. ಗಾಡ್‌ಫಾದರ್‌ನಲ್ಲಿ ರಾಬರ್ಟ್ ಡಿ ನೀರೋ ಪಾಲಿ ಎಂಬ ಸಣ್ಣ ಪಾತ್ರಕ್ಕೆ ಗೊತ್ತಾಗಿದ್ದರು. ಅಲ್ ಪಚೀನೋ ಇನ್ನೊಂದು ಚಿತ್ರ ಬಿಟ್ಟು ಗಾಡ್‌ಫಾದರ್‌ಗೆ ಬಂದಾಗ, ಅವರು ಬಿಟ್ಟ ಜಾಗಕ್ಕೆ ಡಿ ನೀರೋ ಹೋದರು. ಆ ಸಣ್ಣ ಪಾತ್ರ ಕೈಬಿಟ್ಟಿದ್ದರಿಂದಲೇ 1974ರ ಎರಡನೇ ಭಾಗದಲ್ಲಿ ಯುವಕ ವೀಟೋ ಆಗುವ ದಾರಿ ತೆರೆಯಿತು, ಆಸ್ಕರ್ ಕೂಡ ಬಂತು. ನಿಮ್ಮಲ್ಲೂ ಮೊದಲು ತಂಡದೊಳಗೇ ನೋಡಿ. ಗೆಳೆಯನ ಪಾತ್ರ ಮಾಡುತ್ತಿರುವವನು ನಾಯಕನಾಗಬಲ್ಲನೇ? ಅವನಿಗೆ ಕಥೆ ಗೊತ್ತು, ಉಳಿದವರ ಜೊತೆ ಸಲಿಗೆ ಇದೆ. ಆದರೆ ಅವನ ಮುಖ ಈಗಾಗಲೇ ತೆಗೆದ ಶಾಟ್‌ಗಳಲ್ಲಿ ಬಂದಿದ್ದರೆ ಅವೂ ಕೆಟ್ಟಂತೆ. ಹೊಸಬನನ್ನು ತಂದರೆ ಒಬ್ಬನ ಶಾಟ್ ಮಾತ್ರ ಕೆಡುತ್ತದೆ. ಎರಡೂ ಲೆಕ್ಕ ಹಾಕಿ ನಿರ್ಧರಿಸಿ.

ಕ್ಯಾಮೆರಾ ಓಡಿದ ಮೇಲೆ ಬದಲಾದ ಪ್ರಕರಣಗಳಲ್ಲಿ ನೀವು ಕುಳಿತು ಅಭ್ಯಾಸ ಮಾಡಬೇಕಾದದ್ದು 1985ರ ಬ್ಯಾಕ್ ಟು ದ ಫ್ಯೂಚರ್. ನಿರ್ದೇಶಕ ರಾಬರ್ಟ್ ಝೆಮೆಕಿಸ್‌ಗೆ ನಾಯಕನ ಪಾತ್ರಕ್ಕೆ ಮೊದಲಿನಿಂದ ಬೇಕಿದ್ದವರು ಮೈಕಲ್ ಜೆ. ಫಾಕ್ಸ್. ಆದರೆ ಅವರು ನಟಿಸುತ್ತಿದ್ದ ಫ್ಯಾಮಿಲಿ ಟೈಸ್ ಧಾರಾವಾಹಿಯ ಇನ್ನೊಬ್ಬ ನಟಿ ಹೆರಿಗೆ ರಜೆಯಲ್ಲಿದ್ದರು, ಇರುವ ನಟನನ್ನೂ ಬಿಡಲು ಅದರ ನಿರ್ಮಾಪಕರು ಒಪ್ಪಲಿಲ್ಲ. ಎರಿಕ್ ಸ್ಟೋಲ್ಟ್ಜ್ ಬಂದರು. 1984ರ ನವೆಂಬರ್ ಕೊನೆಯಿಂದ ವಾರಗಟ್ಟಲೆ ಚಿತ್ರೀಕರಣ ನಡೆಯಿತು. ತೆಗೆದದ್ದನ್ನು ಜೋಡಿಸಿ ನೋಡಿದಾಗ ಝೆಮೆಕಿಸ್‌ಗೆ ನಗು ಬರಬೇಕಾದಲ್ಲಿ ಬರುತ್ತಿಲ್ಲ ಎಂದು ಕಂಡಿತು. ಸ್ಟೋಲ್ಟ್ಜ್ ಒಳ್ಳೆಯ ನಟರೇ, ಪಾತ್ರವನ್ನು ಗಂಭೀರವಾಗಿ ಹಿಡಿದಿದ್ದರು, ಆ ಚಿತ್ರಕ್ಕೆ ಬೇಕಿದ್ದ ಹಗುರ ಅದಲ್ಲ. 1985ರ ಜನವರಿಯಲ್ಲಿ ಬದಲಿಸಿದರು. ಅಷ್ಟರಲ್ಲಿ ಆ ನಟಿ ಮರಳಿದ್ದರಿಂದ ಫಾಕ್ಸ್‌ಗೆ ಅನುಮತಿ ಸಿಕ್ಕಿತು, ಆದರೆ ಧಾರಾವಾಹಿಯ ಒಂದು ದಿನವೂ ತಪ್ಪಕೂಡದು ಎಂಬ ಷರತ್ತು. ಹಗಲೆಲ್ಲ ಧಾರಾವಾಹಿ, ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಸಿನಿಮಾ, ಹಗಲಿನ ಹೊರಾಂಗಣಕ್ಕೆ ಶನಿವಾರ, ಭಾನುವಾರ. ಬದಲಾವಣೆಯ ಹೆಚ್ಚುವರಿ ಖರ್ಚು 30 ಲಕ್ಷ ಡಾಲರ್ ದಾಟಿತು. ನಾಯಕನ ಗೆಳತಿಯ ಪಾತ್ರಕ್ಕೆ ಗೊತ್ತಾಗಿದ್ದ ಮೆಲೋರಾ ಹಾರ್ಡಿನ್ ಫಾಕ್ಸ್‌ಗಿಂತ ಎತ್ತರ ಕಾಣುತ್ತಾರೆಂದು ಆ ಪಾತ್ರವನ್ನೂ ಬದಲಿಸಿ ಕ್ಲೌಡಿಯಾ ವೆಲ್ಸ್ ಅವರನ್ನು ತಂದರು.

ಇಲ್ಲಿಂದ ನಿಮಗೆ ಬೇಕಾದದ್ದು ಎರಡು. ತೆಗೆದದ್ದನ್ನು ಒರಟಾಗಿಯಾದರೂ ಜೋಡಿಸಿ ನೋಡದೆ ಏನನ್ನೂ ನಿರ್ಧರಿಸಬೇಡಿ. ಮತ್ತು ಎತ್ತರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ನಾಲ್ಕೂ ದಿನದ ಫೂಟೇಜನ್ನು ಮೊದಲು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಆಮೇಲೆ ಎಡಿಟಿಂಗ್‌ನಲ್ಲಿ ಒಂದೊಂದೇ ಶಾಟ್ ನೋಡುತ್ತ ಮೂರು ಭಾಗ ಮಾಡಿ. ನಾಯಕ ಇಲ್ಲದ ಶಾಟ್‌ಗಳು, ಅಂದರೆ ನಾಯಕಿಯ ಕ್ಲೋಸಪ್, ಊರು, ಬಂಡೆ, ಕೆರೆ, ಬರೀ ಕೈಯ ಶಾಟ್, ಬೈಕಿನ ಚಕ್ರ. ಎರಡನೆಯವು ಅವನ ಬೆನ್ನು ಅಥವಾ ಭುಜ ಮಾತ್ರ ಕಾಣುವ ಸಜೆಷನ್ ಶಾಟ್‌ಗಳು ಮತ್ತು ಆಳು ಚಿಕ್ಕದಾಗಿ ಕಾಣುವ ಲಾಂಗ್ ಶಾಟ್‌ಗಳು. ಮೂರನೆಯವು ಮುಖ ಕಾಣುವಂಥವು. ಮೂರನೆಯದನ್ನು ಪೂರ್ತಿ ಮತ್ತೆ ತೆಗೆಯಬೇಕು, ಅದರಲ್ಲಿ ರಾಜಿ ಬೇಡ. ಮೊದಲನೆಯದು ನಿಮ್ಮ ಉಳಿತಾಯ. ಜಾಣತನ ಬೇಕಾಗಿರುವುದು ಎರಡನೆಯದಕ್ಕೆ. ಅದರಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನು ಹೊಸ ಹುಡುಗನ ಮೈಕಟ್ಟು ನಿರ್ಧರಿಸುತ್ತದೆ: ಕುತ್ತಿಗೆಯ ಹಿಂದಿನ ಕೂದಲ ಗೆರೆ, ಕಿವಿಯ ಆಕಾರ, ಭುಜದ ಅಗಲ, ನಡಿಗೆ. ಕೈಯ ಶಾಟ್‌ಗಳಲ್ಲಿ ಉಂಗುರ, ಗಡಿಯಾರ, ಮುಂಗೈಗೆ ಕಟ್ಟಿದ ದಾರ ಗಮನಿಸಿ ಬರೆದಿಟ್ಟುಕೊಳ್ಳಿ. ದಾರ ಯಾವ ಕೈಯಲ್ಲಿತ್ತು ಎಂಬುದೇ ಹೆಚ್ಚಿನ ಸಲ ತಪ್ಪುವುದು.

ಹಾಗಾದರೆ ಹುಡುಕಬೇಕಾದದ್ದು ಎಂಥವನನ್ನು? ಹಳೆಯವನ ಮುಖಕ್ಕೆ ಹೋಲುವವನನ್ನು ಹುಡುಕಿ ಸಮಯ ಕಳೆಯಬೇಡಿ. ಹಳೆಯವನ ಮುಖ ಪರದೆಯ ಮೇಲೆ ಇರುವುದೇ ಇಲ್ಲವಲ್ಲ. ಎತ್ತರ, ಭುಜ, ಮೈಬಣ್ಣ ಹತ್ತಿರವಿದ್ದು, ನಟನೆ ಬಲ್ಲವನಾದರೆ ಸಾಕು. ಎತ್ತರಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆಂದರೆ, ಉಳಿಸಿಕೊಳ್ಳುವ ನಾಯಕಿಯ ಕ್ಲೋಸಪ್‌ಗಳಲ್ಲಿ ಅವಳು ಹಳೆಯ ಹುಡುಗನ ಕಣ್ಣನ್ನು ನೋಡಿ ಮಾತಾಡಿದ್ದಾಳೆ. ಇಬ್ಬರೂ 5 ಅಡಿ ಅಂತರದಲ್ಲಿ ನಿಂತಿದ್ದು, ಹೊಸಬ 4 ಇಂಚು ಕುಳ್ಳನಾದರೆ ನೋಟದ ಕೋನದಲ್ಲಿ ಸುಮಾರು 4 ಡಿಗ್ರಿ ವ್ಯತ್ಯಾಸ ಬರುತ್ತದೆ. ಕ್ಲೋಸಪ್‌ನಲ್ಲಿ ಅವಳು ಅವನ ತಲೆಯ ಮೇಲೆ ಏನನ್ನೋ ನೋಡುತ್ತಿರುವಂತೆ ಕಾಣುತ್ತದೆ. ಅದೇ 15 ಅಡಿ ಅಂತರವಿದ್ದರೆ ವ್ಯತ್ಯಾಸ 1 ಡಿಗ್ರಿಗಿಂತ ತುಸು ಹೆಚ್ಚು, ಕಣ್ಣಿಗೆ ಬೀಳುವುದಿಲ್ಲ. ಕುಳ್ಳನಾದರೆ ಅವನ ಶಾಟ್ ತೆಗೆಯುವಾಗ ಕಾಲ ಕೆಳಗೆ ಗಟ್ಟಿಯಾದ ಮರದ ಪೆಟ್ಟಿಗೆ ಇಟ್ಟು, ಸೊಂಟದಿಂದ ಮೇಲಕ್ಕೆ ಫ್ರೇಮ್ ಇಡಿ. ಎತ್ತರದವನಾದರೆ ಕೂರಿಸಿ ತೆಗೆಯಲು ಆಗುವುದಿಲ್ಲ, ಕಾಲು ಅಗಲಿಸಿ ನಿಲ್ಲಿಸಿದರೆ ಒಂದೆರಡು ಇಂಚು ಇಳಿಯುತ್ತದೆ, ಅಷ್ಟೇ. ಆದ್ದರಿಂದ ಇಬ್ಬರು ಸಿಕ್ಕು ನಟನೆಯಲ್ಲಿ ಸಮನಿದ್ದರೆ ಕುಳ್ಳನನ್ನೇ ಆರಿಸಿ.

ಗಂಗಾವತಿಯಲ್ಲಿ ಯಾರೂ ಹೊಂದದಿದ್ದರೆ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ನಾಟಕವಾಡುವ ತಂಡಗಳಲ್ಲಿ, ಕೊಪ್ಪಳ, ಸಿಂಧನೂರಿನ ಹವ್ಯಾಸಿ ತಂಡಗಳಲ್ಲಿ ಕೇಳಿ. ನಾಟಕದ ಹುಡುಗರಿಗೆ ಮಾತು ಬೇಗ ಬಾಯಿಪಾಠವಾಗುತ್ತದೆ, ನಿಮ್ಮ ಸೀಮೆಯ ಮಾತಿನ ಧಾಟಿಯೂ ಕೆಡುವುದಿಲ್ಲ. ಒಂದೇ ತೊಂದರೆ, ಕೊನೆಯ ಸಾಲಿನವರೆಗೆ ಕೇಳಿಸಬೇಕೆಂಬ ರೂಢಿಯಲ್ಲಿ ಧ್ವನಿ ಏರುತ್ತದೆ, ಹುಬ್ಬು ಕುಣಿಯುತ್ತದೆ. ಮೂರು ಅಡಿ ದೂರದಲ್ಲಿ ಕುಳಿತವರ ಜೊತೆ ಮಾತಾಡುವಷ್ಟೇ ಸಾಕು ಎಂದು ಹೇಳಿ, ಒಂದು ಸಲ ತೆಗೆದು ಅವನಿಗೇ ತೋರಿಸಿ. ಬೇಗ ಹಿಡಿದುಕೊಳ್ಳುತ್ತಾರೆ.

ಪರೀಕ್ಷೆಯನ್ನು ಫೋನಿನಲ್ಲಿ ವಿಡಿಯೋ ತರಿಸಿಕೊಂಡು ಮುಗಿಸಬೇಡಿ. ಒಂದು ಸಂಜೆ ನಾಯಕಿಯನ್ನೂ ಕರೆಸಿ, ನೀವು ಬಳಸಿದ ಅದೇ ಲೆನ್ಸಿನಲ್ಲಿ ಎರಡು ತುಣುಕು ತೆಗೆಯಿರಿ: ಒಂದು ಮಾತಿನದು, ಇನ್ನೊಂದು ಬರೀ ನಡೆದು ಬಂದು ಕೂರುವುದು. ಅದೇ ರಾತ್ರಿ ಉಳಿಸಿಕೊಂಡ ಶಾಟ್‌ಗಳ ನಡುವೆ ಅದನ್ನು ಸೇರಿಸಿ ನೋಡಿ. ಲಾರ್ಡ್ ಆಫ್ ದ ರಿಂಗ್ಸ್‌ನ ಅರಗಾರ್ನ್ ಪಾತ್ರಕ್ಕೆ ಸ್ಟುವರ್ಟ್ ಟೌನ್ಸೆಂಡ್ ಸುಮಾರು ಎರಡು ತಿಂಗಳು ತಾಲೀಮು ಮಾಡಿದ್ದರು. 1999ರಲ್ಲಿ ಚಿತ್ರೀಕರಣ ಶುರುವಾಗುವ ಹೊತ್ತಿಗೆ ಈ ಪಾತ್ರಕ್ಕೆ ಇನ್ನೂ ವಯಸ್ಸಾದವರು ಬೇಕು ಎಂದು ನಿರ್ಧಾರವಾಗಿ ವಿಗ್ಗೊ ಮಾರ್ಟೆನ್‌ಸನ್ ಬಂದರು. ವಯಸ್ಸು ಮೊದಲ ದಿನವೇ ಕಣ್ಣಿಗೆ ಕಾಣುವ ಸಂಗತಿ. ಉಳಿದವರ ಪಕ್ಕ ನಿಲ್ಲಿಸಿ ನೋಡಿದಾಗಲೇ ಅದು ಖಚಿತವಾಗುವುದು.

ಬಟ್ಟೆ. ನಾಲ್ಕು ದಿನ ಹಾಕಿದ್ದ ಅಂಗಿ ಹೊಸಬನಿಗೆ ಆಗದಿದ್ದರೆ ಹಿಗ್ಗಿಸಿ ಹಾಕಿಸಬೇಡಿ, ಬೆನ್ನಿನ ಶಾಟ್‌ನಲ್ಲಿ ಹೊಲಿಗೆ ಎಳೆದದ್ದು ಎದ್ದು ಕಾಣುತ್ತದೆ. ಅದೇ ಅಂಗಿ ಅವನ ಅಳತೆಯಲ್ಲಿ ಎರಡು ತೆಗೆದುಕೊಳ್ಳಿ. ಸಿಗದಿದ್ದರೆ ಭುಜ ಕಾಣುವ ಹಳೆಯ ಶಾಟ್‌ಗಳನ್ನು ಬಿಟ್ಟುಕೊಡುವುದೇ ಲೇಸು. ಹೊಸ ಅಂಗಿಯನ್ನು ಎರಡು ಮೂರು ಸಲ ಒಗೆದ ಮೇಲೆ ಕ್ಯಾಮೆರಾ ಮುಂದೆ ತನ್ನಿ.

ಧ್ವನಿಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ನಾಯಕಿಯ ಕ್ಲೋಸಪ್ ಉಳಿಸಿಕೊಂಡಿರಿ, ಸರಿ, ಆದರೆ ಆ ಟೇಕಿನಲ್ಲಿ ಕ್ಯಾಮೆರಾ ಹಿಂದೆ ನಿಂತು ಹಳೆಯ ಹುಡುಗ ಹೇಳಿದ ಮಾತು ರೆಕಾರ್ಡ್ ಆಗಿರುತ್ತದೆ. ಇಬ್ಬರ ಮಾತಿನ ನಡುವೆ ಸಣ್ಣ ಬಿಡುವಿದ್ದರೂ ಅವನ ಮಾತನ್ನು ಕತ್ತರಿಸಿ ಆ ಜಾಗಕ್ಕೆ ಅದೇ ಸ್ಥಳದ ಬರೀ ಸದ್ದನ್ನು ತುಂಬಬಹುದು. ಒಂದರ ಮೇಲೊಂದು ಮಾತು ಬಿದ್ದಿದ್ದರೆ ನಾಯಕಿಯಿಂದ ಆ ಸಾಲುಗಳನ್ನು ಡಬ್ ಮಾಡಿಸಬೇಕು. ಅದಕ್ಕಾಗಿ ಪ್ರತಿ ಸ್ಥಳದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಸಣಾಪುರ ಕೆರೆಯ ದಂಡೆಯ ಸದ್ದು ಬೇರೆ, ಆನೆಗೊಂದಿಯ ಓಣಿಯ ಸದ್ದು ಬೇರೆ. ಹಳೆಯ ಧ್ವನಿ ಹೇಗೆ ಉಳಿದುಬಿಡುತ್ತದೆ ಎಂಬುದಕ್ಕೆ 1939ರ ವಿಝರ್ಡ್ ಆಫ್ ಆಝ್ ಸಾಕ್ಷಿ. ತಗಡಿನ ಮನುಷ್ಯನ ಪಾತ್ರಕ್ಕೆ ಬಂದ ಬಡ್ಡಿ ಎಬ್ಸೆನ್ ಅವರ ಮುಖಕ್ಕೆ ಅಲ್ಯೂಮಿನಿಯಂ ಪುಡಿ ಬಳಿದಿದ್ದರು. ಅದು ಉಸಿರಿನೊಡನೆ ಒಳಹೋಗಿ ಆಸ್ಪತ್ರೆ ಸೇರಬೇಕಾಯಿತು. ಬದಲಿಗೆ ಬಂದ ಜಾಕ್ ಹೇಲಿಗೆ ಪುಡಿಯ ಬದಲು ಅಲ್ಯೂಮಿನಿಯಂ ಲೇಪ ಹಚ್ಚಿದರು. ಆದರೂ ಮೊದಲೇ ಹಾಡಿ ಮುಗಿಸಿದ್ದ ಗುಂಪು ಹಾಡಿನಲ್ಲಿ ಎಬ್ಸೆನ್ ಧ್ವನಿ ಹಾಗೇ ಉಳಿದಿದೆ. ಹಾಡಿನ ಗುಂಪಿನಲ್ಲಿ ಅದು ಸೇರಿಹೋಗುತ್ತದೆ, ನಿಮ್ಮ ಇಬ್ಬರ ಮಾತಿನ ದೃಶ್ಯದಲ್ಲಿ ಸೇರುವುದಿಲ್ಲ. ಹೊಸಬನಿಗೆ ನಾಟಕದ ಬಣ್ಣವೋ ಅಂಟುಗಡ್ಡವೋ ಹಚ್ಚುವುದಿದ್ದರೆ ಹಿಂದಿನ ದಿನವೇ ಮೊಣಕೈ ಒಳಬದಿಗೆ ತುಸು ಹಚ್ಚಿ ಮರುದಿನದವರೆಗೆ ನೋಡಿ. ತುರಿಕೆ, ಕೆಂಪು ಬಂದರೆ ಅದನ್ನು ಬಿಟ್ಟುಬಿಡಿ.

ಈಗ ಬಿಸಿಲು. ಆನೆಗೊಂದಿ ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫೆಬ್ರವರಿ ಕೊನೆಗೆ ನಡುಹಗಲಿನ ಸೂರ್ಯ ಅಲ್ಲಿ ಸುಮಾರು 65 ಡಿಗ್ರಿ ಎತ್ತರದಲ್ಲಿ, ದಕ್ಷಿಣಕ್ಕೆ ವಾಲಿ ಇರುತ್ತಾನೆ. ಏಪ್ರಿಲ್ 1ಕ್ಕೆ 79 ಡಿಗ್ರಿ. ಏಪ್ರಿಲ್ ಕೊನೆಗೆ ಬಹುತೇಕ ನೆತ್ತಿಯ ಮೇಲೆ. ನೆತ್ತಿಯ ಬಿಸಿಲಿನಲ್ಲಿ ಹುಬ್ಬಿನ ನೆರಳು ಕಣ್ಣಿಗೆ ಬಿದ್ದು ಕಣ್ಣು ಕಪ್ಪು ಗುಳಿಯಂತೆ ಕಾಣುತ್ತದೆ, ಬಂಡೆಗಳು ಬಿಳಿಚಿಕೊಂಡು ಮೈಯ ಉಬ್ಬುತಗ್ಗು ಮಾಯವಾಗುತ್ತದೆ. ಉಳಿಸಿಕೊಂಡ ನಾಯಕಿಯ ಶಾಟ್ ಪಕ್ಕ ಇಂಥ ಶಾಟ್ ಇಟ್ಟರೆ ಎರಡು ಬೇರೆ ದಿನದ್ದೆಂದು ಯಾರಿಗಾದರೂ ತಿಳಿಯುತ್ತದೆ. ಬೆಳಗಿನ, ಸಂಜೆಯ ದೃಶ್ಯಗಳನ್ನು ಹೊಂದಿಸಬಹುದು. ಫೆಬ್ರವರಿ ಕೊನೆಯಲ್ಲಿ ಬೆಳಿಗ್ಗೆ 8:30ಕ್ಕೆ ಇದ್ದ ಸೂರ್ಯನ ಎತ್ತರ ಏಪ್ರಿಲ್ 1ಕ್ಕೆ 8 ಗಂಟೆಯ ಸುಮಾರಿಗೇ ಬಂದಿರುತ್ತದೆ. ಸಂಜೆ 4:45ಕ್ಕೆ ಇದ್ದ ಎತ್ತರ 4:55ರ ಹೊತ್ತಿಗೆ ಬರುತ್ತದೆ. ದಿಕ್ಕು ಮಾತ್ರ ತುಸು ಉತ್ತರಕ್ಕೆ ಸರಿದಿರುತ್ತದೆ, ಆದ್ದರಿಂದ ಹುಡುಗನನ್ನೂ ಕ್ಯಾಮೆರಾವನ್ನೂ ಅಷ್ಟೇ ತಿರುಗಿಸಿ ನಿಲ್ಲಿಸಿ. ಮೂಗಿನ ನೆರಳು ಕೆನ್ನೆಯ ಮೇಲೆ ಎಲ್ಲಿ ಬೀಳುತ್ತಿತ್ತು ಎಂದು ಹಳೆಯ ಶಾಟ್ ನೋಡಿಕೊಂಡು ಹೊಂದಿಸುವುದು ಎಲ್ಲಕ್ಕಿಂತ ಸುಲಭದ ದಾರಿ.

ಗದ್ದೆ ಇನ್ನೂ ಬೇಗ ಕೈಕೊಡುತ್ತದೆ. ಜನವರಿಯಲ್ಲಿ ನಾಟಿ ಮಾಡಿದ ಬೇಸಿಗೆ ಭತ್ತ ಫೆಬ್ರವರಿ ಕೊನೆಗೆ ಹಚ್ಚಹಸಿರು. ಏಪ್ರಿಲ್ ನಡುವಿಗೆ ತೆನೆ ಬಲಿತು ಬಣ್ಣ ತಿರುಗುತ್ತದೆ, ಆಮೇಲೆ ಕೊಯ್ಲಿನ ಯಂತ್ರ ಇಳಿದರೆ ಒಂದೇ ದಿನದಲ್ಲಿ ಹಿನ್ನೆಲೆ ಬಯಲು. ಎಡದಂಡೆ ಕಾಲುವೆ ನಿಮ್ಮ ಶಾಟ್‌ನಲ್ಲಿ ಇದ್ದರೆ ನೀರು ಯಾವಾಗ ನಿಲ್ಲಿಸುತ್ತಾರೆಂದು ಈಗಲೇ ವಿಚಾರಿಸಿ. ಸ್ಮಾರಕಗಳ ಬಳಿ ತೆಗೆಯಲು ಅನುಮತಿ ಪಡೆದಿದ್ದರೆ ಅದು ಹಳೆಯ ತಾರೀಖಿಗೆ ಕೊಟ್ಟದ್ದು. ಹೊಸ ತಾರೀಖಿಗೆ ಮತ್ತೆ ಕೇಳಬೇಕು.

ಹಳೆಯ ಹುಡುಗನ ಮುಖದ ಮೇಲೆ ಹೊಸಬನ ಮುಖವನ್ನು ಆ್ಯಪ್‌ನಲ್ಲಿ ಕೂರಿಸಿದರಾಯಿತು ಎಂದು ತಂಡದಲ್ಲಿ ಯಾರಾದರೂ ಹೇಳುತ್ತಾರೆ. ತಲೆ ತಿರುಗಿಸಿದಾಗ, ಮುಖದ ಮುಂದೆ ಕೈ ಬಂದಾಗ, ಕೆನ್ನೆಗೆ ಒಂದೇ ಬದಿಯ ಬಿಸಿಲು ಬಿದ್ದಾಗ ಅದು ಒಡೆಯುತ್ತದೆ. ನಿಮ್ಮದು ಹೊರಾಂಗಣದ ಚಿತ್ರ, ಇವು ಮೂರೂ ಪ್ರತಿ ಶಾಟ್‌ನಲ್ಲಿ ಇರುತ್ತವೆ. ಜೊತೆಗೆ ಇಬ್ಬರೂ ಹುಡುಗರ ಒಪ್ಪಿಗೆ ಬೇಕು. ಆ ದಾರಿ ಬೇಡ.

ಹಳೆಯ ಹುಡುಗನ ಮೇಲೆ ಸಿಟ್ಟು ಬೇಡ. ಹೊಟ್ಟೆಪಾಡಿನ ಕೆಲಸ ಸಿಕ್ಕಿದೆ, ಹೋಗಿದ್ದಾನೆ. ಅವನು ಇನ್ನೂ ಉಪಯೋಗಕ್ಕೆ ಬರುತ್ತಾನೆ. ಅಪೋಕಲಿಪ್ಸ್ ನೌ ಚಿತ್ರದಲ್ಲಿ ಮೊದಲು ಹಾರ್ವಿ ಕೈಟೆಲ್ ಇದ್ದರು, ಕೆಲವೇ ವಾರಗಳಲ್ಲಿ ಬದಲಾಗಿ ಮಾರ್ಟಿನ್ ಶೀನ್ ಬಂದರು. 1977ರಲ್ಲಿ ಶೀನ್‌ಗೆ ಹೃದಯಾಘಾತವಾದಾಗ ಅವರ ತಮ್ಮ ಜೋ ಎಸ್ಟೆವೆಜ್ ಕೆಲವು ಶಾಟ್‌ಗಳಲ್ಲಿ ಅಣ್ಣನ ಬದಲು ನಿಂತರು, ಧ್ವನಿಯನ್ನೂ ಕೊಟ್ಟರು. ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ 2022ರ ಜೇಮ್ಸ್ ಚಿತ್ರದಲ್ಲಿ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ಧ್ವನಿ ನೀಡಿದರು. ಎಲ್ಲವನ್ನೂ ತುಂಬಿಸಲು ಆಗುವುದಿಲ್ಲ ಎಂಬುದೂ ನಿಜ. 2004ರ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ದುರಂತದಲ್ಲಿ ಹೋದಾಗ ಅವರು ದ್ರೌಪದಿಯಾಗಿದ್ದ ತೆಲುಗಿನ ನರ್ತನಶಾಲವನ್ನು ಬೇರೆಯವರಿಂದ ಮುಂದುವರಿಸಲಿಲ್ಲ, ಚಿತ್ರ ಅಲ್ಲಿಗೇ ನಿಂತಿತು. ನಿಮ್ಮ ಹುಡುಗ ತೋರಣಗಲ್ಲಿನಲ್ಲೇ ಇದ್ದಾನೆ. ಲಾಂಗ್ ಶಾಟ್, ಬೆನ್ನಿನ ಶಾಟ್ ಬಾಕಿ ಇದ್ದರೆ ರಜೆಯ ದಿನ ಬಂದು ಡೂಪ್ ಆಗಿ ನಿಲ್ಲಬಹುದು. ಗಡ್ಡ ಇಲ್ಲದ್ದು ಹಿಂದಿನಿಂದ ಕಾಣುವುದಿಲ್ಲ.

ಹೊಸಬನ ಜೊತೆ ಒಂದು ಪುಟದ ಬರಹದ ಒಪ್ಪಂದ ಇರಲಿ. ಯಾವ ಯಾವ ತಾರೀಖು, ಡಬ್ಬಿಂಗಿಗೆ ಎಷ್ಟು ದಿನ, ಕೊನೆಯ ಶಾಟ್ ಮುಗಿಯುವವರೆಗೆ ಕೂದಲು ಗಡ್ಡ ಮುಟ್ಟುವಂತಿಲ್ಲ, ನಡುವೆ ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಬಿಟ್ಟರೂ ತೆಗೆದ ಶಾಟ್ ಬಳಸಲು ಒಪ್ಪಿಗೆ. ಇಷ್ಟೇ. ಹಳೆಯವನಿಂದಲೂ ಶಾಟ್ ಬಳಸುವ ಒಪ್ಪಿಗೆಯನ್ನು ಬರೆಸಿಕೊಳ್ಳಿ, ಟೈಟಲ್ಲಿನಲ್ಲಿ ಅವನ ಹೆಸರು ಹಾಕಿ. ಇನ್ನೊಂದು ಮಾತು: ನಿಮ್ಮ ಕಡೆಯ ದೊಡ್ಡಾಟದ ತಾಲೀಮಿನಲ್ಲಿ ಮಾಸ್ತರಿಗೆ ಎಲ್ಲರ ಮಾತೂ ಬಾಯಿಗೆ ಬರುತ್ತದೆ, ಯಾರೇ ತಪ್ಪಿಸಿಕೊಂಡರೂ ಆಟ ನಿಲ್ಲುವುದಿಲ್ಲ. ತಂಡದಲ್ಲಿ ಇನ್ನೊಬ್ಬನಿಗೆ ನಾಯಕನ ಮಾತನ್ನೆಲ್ಲ ಕಲಿಸಿ, ತಾಲೀಮಿನಲ್ಲಿ ಒಮ್ಮೆಯಾದರೂ ಆಡಿಸಿ ಇಡಿ.

ದಿನಗಳ ಹಂಚಿಕೆ ಹೀಗಿರಲಿ. ನಾಲ್ಕು ದಿನದ ಕೆಲಸದಲ್ಲಿ ಅರ್ಧ ಉಳಿದರೆ ಮರುಚಿತ್ರೀಕರಣಕ್ಕೆ ಎರಡು ದಿನ, ಬಾಕಿ ಎಂಟು ದಿನ, ಅಡಚಣೆಗೆಂದು ಕೈಯಲ್ಲಿ ಎರಡು ದಿನ. ಕಥೆಯ ಅನುಕ್ರಮ ಹಿಡಿದು ಹೋಗಬೇಡಿ. ಮೊದಲ ದಿನ ಹೊಸಬನ ಸುಲಭದ, ಮಾತಿಲ್ಲದ ದೃಶ್ಯ ತೆಗೆದು ಅವತ್ತೇ ರಾತ್ರಿ ಜೋಡಿಸಿ ನೋಡಿ, ಬದಲಿಸುವುದಿದ್ದರೆ ಆಗಲೇ ಬದಲಿಸಬೇಕು. ಎರಡನೇ ದಿನದಿಂದ ಗದ್ದೆ, ಕಾಲುವೆಯ ದೃಶ್ಯ, ಏಪ್ರಿಲ್ ಮೊದಲ ವಾರದೊಳಗೆ ಅವು ಮುಗಿಯಲಿ. ನಂತರ ನಾಯಕ, ನಾಯಕಿ ಇಬ್ಬರೂ ಇರುವ ಕಾಂಬಿನೇಷನ್ ದೃಶ್ಯಗಳನ್ನು ಸಾಲಾಗಿ ತೆಗೆಯಿರಿ. ಬಂಡೆಗಳ ಮೇಲಿನದು ಬೆಳಿಗ್ಗೆ 9ರೊಳಗೆ, ಸಂಜೆ 4:30ರ ನಂತರ. ಮನೆಯೊಳಗಿನ ದೃಶ್ಯಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅವುಗಳನ್ನು ಮೇ ತಿಂಗಳ ನಡುಹಗಲಿನಲ್ಲೂ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ತೆಗೆಯಬಹುದು.